ಲೈಬ್ರರಿಯಲ್ಲಿ ಹಿರಿಯರಿಗೆ ಮೊಬೈಲ್ ಕ್ಲಾಸು: ಓದುವ ಹುಡುಗರು ಸಿಟ್ಟಾಗಿದ್ದಾರೆ, ಏನು ಮಾಡಲಿ?

ಹೂಮಳೆ | ಶನಿವಾರ, ರಾತ್ರಿ 9:10

ಚಿಕ್ಕಮಗಳೂರಿನವರೇ, ಒಂದು ಸಲಹೆ ಬೇಕಿತ್ತು.

ನಾನು ಬ್ಯಾಂಕ್ ಕೆಲಸದಿಂದ ನಿವೃತ್ತಿಯಾಗಿ ಎರಡು ವರ್ಷವಾಯಿತು. ಜುಲೈಯಿಂದ ನಮ್ಮ ಬಡಾವಣೆ ಹತ್ತಿರದ ಸರ್ಕಾರಿ ಲೈಬ್ರರಿಯಲ್ಲಿ ಪ್ರತಿ ಶನಿವಾರ ಸಂಜೆ 4ರಿಂದ 5:30ರವರೆಗೆ ಹಿರಿಯರಿಗೆ ಮೊಬೈಲ್ ಕ್ಲಾಸು ಮಾಡುತ್ತಿದ್ದೇನೆ. ಪುಕ್ಕಟೆ. ಭಾನುವಾರ ಬೆಳಿಗ್ಗೆ ನನ್ನ ಗೆಳತಿ ಮಕ್ಕಳಿಗೆ ಕಥೆ ಓದಿ ಹೇಳುತ್ತಾಳೆ. ಅದೂ ಪುಕ್ಕಟೆ. ಯಾವ ಶಾಖೆ ಅಂತ ಹೇಳುವುದಿಲ್ಲ, ಸುಮ್ನೆ ಅಲ್ಲಿನವರಿಗೆ ಮೇಲಿನಿಂದ ಫೋನ್ ಬರುವುದು ಬೇಡ.

ಶುರುವಿನಲ್ಲಿ ನಾಲ್ಕು ಜನ ಇದ್ದರು. ಈಗ ಹನ್ನೊಂದು. ತೊಂದರೆ ಏನೆಂದರೆ, ಇರುವುದು ಒಂದೇ ಹಾಲ್. ನಡುವೆ ಪೇಪರ್ ಓದುವ ಉದ್ದ ಮೇಜು. ಕಿಟಕಿ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು. ನಾವು ಕಪಾಟಿನ ಹಿಂದೆ, ಮೂಲೆಯಲ್ಲಿ. ಹೋದ ವಾರದ ಪಾಠ ರಿಂಗ್‌ಟೋನ್ ಬದಲಾಯಿಸುವುದು. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಹನ್ನೊಂದು ಫೋನು ಒಟ್ಟಿಗೆ ಕೂಗಿದವು. ಒಂದರಲ್ಲಿ ಸುಪ್ರಭಾತ, ಒಂದರಲ್ಲಿ ಹುಂಜ, ಒಂದರಲ್ಲಿ ಮಗುವಿನ ಅಳು. ಅವೆಲ್ಲ ನಿಲ್ಲಿಸುವುದು ಹೇಗೆ ಅಂತ ಇನ್ನೂ ಪಾಠ ಆಗಿರಲಿಲ್ಲ. ಆ ಕಡೆಯಿಂದ ಒಬ್ಬ ಹುಡುಗ ಎದ್ದು ಬಂದು "ಆಂಟಿ, ಇದು ಲೈಬ್ರರಿನಾ ಮೊಬೈಲ್ ಅಂಗಡಿನಾ?" ಅಂದ.

ಇವತ್ತು ಹೋದರೆ, "ಮೌನ ಕಾಪಾಡಿ" ಎನ್ನುವ ಹಳೇ ಬೋರ್ಡಿನ ಕೆಳಗೆ ಯಾರೋ ಕೆಂಪು ಪೆನ್ನಿನಲ್ಲಿ "ಶನಿವಾರವೂ" ಅಂತ ಬರೆದಿದ್ದಾರೆ. ಲೈಬ್ರರಿಯನ್ ಒಳ್ಳೆಯವರು. "ನನಗೆ ಎರಡೂ ಕಡೆಯವರು ಬೇಕು ಮೇಡಂ, ನೀವೇ ಏನಾದರೂ ಮಾಡಿ" ಅನ್ನುತ್ತಾರೆ.

ನಿಲ್ಲಿಸಿಬಿಡಲಾ? ಬೇರೆ ಜಾಗ ನೋಡಲಾ? ಬೇರೆ ಕಡೆ ಹೇಗೆ ಮಾಡುತ್ತಾರೆ?

ರತ್ನಗಿರಿ ಬೋರೆ | ರಾತ್ರಿ 9:18

ಹುಂಜದ ರಿಂಗ್‌ಟೋನ್ ಯಾರದು ಅಂತ ಮೊದಲು ಹೇಳಿ.

ಹೂಮಳೆ | ರಾತ್ರಿ 9:21

ಹೆಸರು ಹೇಳಲ್ಲ. ವಯಸ್ಸು 78.

ಪಿಡಿಒ ಆಗೇ ಆಗ್ತೀನಿ | ರಾತ್ರಿ 9:40

ಮೇಡಂ, ನಿಮ್ಮ ಲೈಬ್ರರಿನೇ ನನ್ನದೂ ಇರಬಹುದು, ಗೊತ್ತಿಲ್ಲ. ಆ ಹುಡುಗ ನಾನಂತೂ ಅಲ್ಲ. ಆದರೆ ಅವನ ಪರವಾಗಿ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಇರುವುದು ಒಂದು ಹಾಲು, ಒಂದು ಅಡುಗೆಮನೆ. ಸಂಜೆ ಆದರೆ ಟಿವಿ. ತಮ್ಮ, ಅಜ್ಜಿ, ಅಮ್ಮ ಎಲ್ಲರೂ ಅಲ್ಲೇ. ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಕೋಚಿಂಗ್ ಸೇರುವಷ್ಟು ದುಡ್ಡಿಲ್ಲ. ಖಾಸಗಿ ಸ್ಟಡಿ ಹಾಲ್‌ಗೆ ತಿಂಗಳಾ ತಿಂಗಳಾ ಬಾಡಿಗೆ. ಇಡೀ ಊರಿನಲ್ಲಿ ದುಡ್ಡು ಕೊಡದೆ ಎಂಟು ಗಂಟೆ ಕೂತರೂ "ಏನು ತಗೋತೀರಿ" ಅಂತ ಯಾರೂ ಕೇಳದ ಜಾಗ ಅದೊಂದೇ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂತಿರುತ್ತೇವೆ, ಫ್ಯಾನ್ ಕೆಳಗಿನ ಕುರ್ಚಿಗಾಗಿ. ಆ ಕುರ್ಚಿಯಲ್ಲಿ ಕೂತು ಲೆಕ್ಕ ಬಿಡಿಸುವಾಗ ಹಿಂದೆ ಮಗು ಅತ್ತರೆ ಹೇಗಿರುತ್ತದೆ ಹೇಳಿ. ಮೊಬೈಲ್ ಮಗು ಆದರೂ ಅಷ್ಟೇ.

ಹಿರಿಯರು ಕಲಿಯಬಾರದು ಅಂತಲ್ಲ. ಬೇರೆ ಕಡೆ ಕಲಿಯಲಿ. ಸಮುದಾಯ ಭವನಗಳು ಎಷ್ಟಿವೆ.

ತೆರಿಗೆ ಕಟ್ಟುವವ | ರಾತ್ರಿ 9:52

ಸಮುದಾಯ ಭವನಕ್ಕೆ ಬಾಡಿಗೆ ಕಟ್ಟಬೇಕು ತಮ್ಮಾ. ಲೈಬ್ರರಿಗೆ ನಾವೆಲ್ಲ ಆಗಲೇ ಕಟ್ಟಿದ್ದೇವೆ. ಮನೆ ಕಂದಾಯದ ರಸೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಬೇರೆ ಸಾಲೇ ಇರುತ್ತದೆ. ಆಸ್ತಿ ಬೆಲೆಯ 6 ಪರ್ಸೆಂಟ್. ಹುಂಜದ ಅಜ್ಜನೂ ಕಟ್ಟಿರುತ್ತಾರೆ, ಅವರಿಗೂ ಕುರ್ಚಿ ಬೇಕು.

ಕಡೂರು ಜಂಕ್ಷನ್ | ರಾತ್ರಿ 9:58

ಆಸ್ತಿ ಬೆಲೆಯ 6 ಪರ್ಸೆಂಟ್ ಕಟ್ಟಿದರೆ ಮನೆ ಮಾರಿಕೊಂಡು ಹೋಗಬೇಕಾಗುತ್ತದೆ ಸ್ವಾಮಿ! ಅದು ತೆರಿಗೆಯ ಮೇಲೆ 6 ಪರ್ಸೆಂಟ್. ಕಂದಾಯ 4,000 ರೂಪಾಯಿ ಇದ್ದರೆ ಗ್ರಂಥಾಲಯ ಕರ 240. ಅದರ ಜೊತೆ ಆರೋಗ್ಯ ಕರ 15, ಭಿಕ್ಷುಕರ ಕರ 3. ಒಟ್ಟು 24 ಪರ್ಸೆಂಟ್. ಗ್ರಂಥಾಲಯ ಕರ ಬಂದಿದ್ದು 1965ರ ಗ್ರಂಥಾಲಯ ಕಾಯ್ದೆಯಿಂದ. ನಗರಸಭೆ, ಪಂಚಾಯಿತಿಯವರು ವಸೂಲಿ ಮಾಡಿ ಗ್ರಂಥಾಲಯ ಪ್ರಾಧಿಕಾರಕ್ಕೆ ಕೊಡಬೇಕು.

ತೆರಿಗೆ ಕಟ್ಟುವವ | ರಾತ್ರಿ 10:03

ಸರಿ, ತೆರಿಗೆಯ ಮೇಲೆ. ಬರೆಯುವ ಭರದಲ್ಲಿ ಹೋಯಿತು. ವಾದ ಅದೇ.

ರತ್ನಗಿರಿ ಬೋರೆ | ರಾತ್ರಿ 10:05

ಭಿಕ್ಷುಕರಿಗೆ 3, ಪುಸ್ತಕಕ್ಕೆ 6. ಓದುವವರು ಎರಡು ಪಟ್ಟು ಬಡವರು ಅಂತ ಸರ್ಕಾರಕ್ಕೆ ಆಗಲೇ ಗೊತ್ತಿತ್ತು ನೋಡಿ.

ಹಳೇ ಮೇಷ್ಟ್ರು | ರಾತ್ರಿ 10:20

ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಐದು ಸೂತ್ರ ಕೊಟ್ಟರು. ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ. ಐದನೆಯದು, ಗ್ರಂಥಾಲಯ ಅಂದರೆ ಬೆಳೆಯುತ್ತಾ ಹೋಗುವ ಜೀವಿ. ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಅವರು ಹುಟ್ಟಿದ ದಿನ, ಆಗಸ್ಟ್ 12, ಗ್ರಂಥಪಾಲಕರ ದಿನ. ಈಗ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಬರುತ್ತಿದೆ. ಇಂಥ ಹೊತ್ತಿನಲ್ಲಿ "ಬೇರೆ ಕಡೆ ಹೋಗಿ" ಅನ್ನುವುದು ಸರಿಯೇ?

ಇನ್ನೊಂದು ಮಾತು. ಪರೀಕ್ಷೆಗೆ ಓದುವ ಮಕ್ಕಳು ಗ್ರಂಥಾಲಯದ ಪುಸ್ತಕವನ್ನೇ ಮುಟ್ಟುವುದಿಲ್ಲ. ಮನೆಯಿಂದ ತಂದ ಗೈಡು, ಮನೆಯಿಂದ ತಂದ ನೀರಿನ ಬಾಟಲಿ. ಅವರಿಗೆ ಬೇಕಾಗಿರುವುದು ಕುರ್ಚಿ ಮತ್ತು ಫ್ಯಾನು. ಹಾಗಿದ್ದಮೇಲೆ ಗ್ರಂಥಾಲಯ ತಮ್ಮದೇ ಅಂತ ಹೇಗೆ ಅನ್ನುತ್ತಾರೆ?

ಪಿಡಿಒ ಆಗೇ ಆಗ್ತೀನಿ | ರಾತ್ರಿ 10:27

ಮೇಷ್ಟ್ರೇ, ಹೊಸ ಸಿಲೆಬಸ್ ಪುಸ್ತಕ ಕಪಾಟಿನಲ್ಲಿದ್ದರೆ ನಾವ್ಯಾಕೆ ಗೈಡ್ ಹೊತ್ತುಕೊಂಡು ಬರುತ್ತೇವೆ? ನಾನು ಹೋದ ತಿಂಗಳು ತೆಗೆದ ಭಾರತದ ಭೂಪಟದಲ್ಲಿ ತೆಲಂಗಾಣವೇ ಇರಲಿಲ್ಲ.

ಮತ್ತೆ, ಮೊಬೈಲ್ ಕ್ಲಾಸಿನವರು ಯಾವ ಪುಸ್ತಕ ಮುಟ್ಟುತ್ತಾರೆ?

ಮಲ್ಲಂದೂರು ರಸ್ತೆ | ರಾತ್ರಿ 10:29

ಹಹ್ಹಾ. ಮೇಷ್ಟ್ರು ಔಟ್.

ಅಜ್ಜಿಯ ಮೊಮ್ಮಗ | ರಾತ್ರಿ 10:44

ಇಂಥದೇ ಒಂದು ಕ್ಲಾಸಿಗೆ ನಮ್ಮ ಅಜ್ಜಿ ಹೋಗುತ್ತಾರೆ. ಹೂಮಳೆ ಮೇಡಂ ಅವರದೇ ಇರಬೇಕು ಅಂತ ನನಗೆ ಅನುಮಾನ. ಯಾಕೆಂದರೆ ಹೋದ ವಾರ ನಮ್ಮ ಮನೆಯಲ್ಲೂ ಹೊಸ ರಿಂಗ್‌ಟೋನ್ ಬಂತು. ಹುಂಜ ಅಲ್ಲ, ದೇವಸ್ಥಾನದ ಗಂಟೆ.

ಅಜ್ಜಿಗೆ ಫೋನು ಮುಟ್ಟುವುದೇ ಬರುತ್ತಿರಲಿಲ್ಲ. ಕರೆಗಂಟೆ ಒತ್ತಿದ ಹಾಗೆ ಒತ್ತಿ ಹಿಡಿಯುವರು. ಚಿತ್ರಗಳೆಲ್ಲ ಗಡಗಡ ಅಲುಗಾಡುವವು. "ಅಯ್ಯೋ ಕೆಟ್ಟುಹೋಯ್ತು" ಅಂತ ಕೆಳಗಿಡುವರು. ನಾನು ಹತ್ತು ಸಲ ಹೇಳಿಕೊಟ್ಟೆ, ಹನ್ನೊಂದನೇ ಸಲ ರೇಗಿದೆ. ಆಮೇಲೆ ಅವರು ಕೇಳುವುದನ್ನೇ ಬಿಟ್ಟರು. ಕ್ಲಾಸಿನಲ್ಲಿ ಮೇಡಂ ಒಂದೇ ಮಾತು ಹೇಳಿದರಂತೆ: "ದೋಸೆ ಕಾವಲಿ ಕಾದಿದೆಯಾ ಅಂತ ನೋಡುತ್ತೀರಲ್ಲ, ಹಾಗೆ ಮುಟ್ಟಿ." ಅಷ್ಟೇ. ಆ ದಿನದಿಂದ ಸರಿಯಾಯಿತು. ಇದು ನನಗೆ ಯಾಕೆ ಹೊಳೆಯಲಿಲ್ಲ ಅಂತ ಈಗಲೂ ಯೋಚಿಸುತ್ತೇನೆ. ನಾನು ದೋಸೆ ಹುಯ್ಯುವುದಿಲ್ಲ, ಅದಕ್ಕೇ ಇರಬೇಕು.

ಈಗ ಅಕ್ಷರ ದೊಡ್ಡದು ಮಾಡಿಕೊಂಡಿದ್ದಾರೆ. ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಆಗುವುದನ್ನು ಕಲಿತಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ. ಜಾಗ ಬೇಕಾದರೆ ಬದಲಾಯಿಸಿ.

ಹೂಮಳೆ | ರಾತ್ರಿ 10:51

ನಿಮ್ಮ ಅಜ್ಜಿ ಯಾರು ಅಂತ ಗೊತ್ತಾಯಿತು. ಅವರು ಬರುವಾಗ ಎಲ್ಲರಿಗೂ ಕೋಡುಬಳೆ ತರುತ್ತಾರೆ. ಅದೂ ಒಂದು ಶಬ್ದವೇ ಅನ್ನಿ.

ತೋಟದ ಮನೆ | ಭಾನುವಾರ, ಬೆಳಿಗ್ಗೆ 6:30

ನಾನು ಆಲ್ದೂರು ಕಡೆಯವನು. ಮೊಬೈಲ್ ಕ್ಲಾಸು ಅಂದರೆ ಏನೋ ಹೊತ್ತು ಕಳೆಯುವ ಆಟ ಅಂದುಕೊಂಡವರಿಗೆ ಒಂದು ಮಾತು. ನಮ್ಮ ತೋಟದಲ್ಲಿ ಮೂವತ್ತು ವರ್ಷ ದುಡಿದ ಒಬ್ಬ ಅಮ್ಮ ಇದ್ದಾರೆ. ಹಣ್ಣು ಕೊಯ್ದು, ಕಳೆ ಕಿತ್ತು ಬೆರಳಿನ ಗೆರೆಯೇ ಸವೆದಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಮೆಷಿನ್ ತಗೊಳ್ಳುವುದಿಲ್ಲ. ಬೆರಳು ಒರೆಸಿ ಇಡು, ಎಣ್ಣೆ ಹಚ್ಚಿ ಇಡು, ನಾಳೆ ಬಾ. ಅಂಥವರಿಗೆ ಈಗ ಪಿಂಚಣಿಯ ಜೀವಿತ ಪ್ರಮಾಣಪತ್ರವನ್ನು ಮುಖ ತೋರಿಸಿ ಫೋನಿನಲ್ಲೇ ಕೊಡಬಹುದು ಅನ್ನುವುದು ಎಷ್ಟು ದೊಡ್ಡ ವಿಷಯ. ಹೇಳಿಕೊಡುವವರು ಬೇಕಲ್ಲ. ಸೈಬರ್ ಸೆಂಟರಿನಲ್ಲಿ ಕೇಳಿದಷ್ಟು ಕೊಡಬೇಕು.

ಇದು ನವೆಂಬರ್. ಪಿಂಚಣಿದಾರರು ಈ ತಿಂಗಳೇ ಕೊಡಬೇಕು. ಕ್ಲಾಸು ಈಗ ನಿಲ್ಲಿಸಿದರೆ ಹೇಗೆ?

ಕಡೂರು ಜಂಕ್ಷನ್ | ಬೆಳಿಗ್ಗೆ 7:15

ಸಣ್ಣ ತಿದ್ದುಪಡಿ, ಕ್ಷಮಿಸಿ, ನನ್ನ ಚಾಳಿ. ಎಲ್ಲರೂ ನವೆಂಬರ್‌ನಲ್ಲೇ ಕೊಡಬೇಕು ಅಂತಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿಎಫ್ ಪಿಂಚಣಿಯವರು ವರ್ಷದಲ್ಲಿ ಯಾವಾಗ ಕೊಟ್ಟರೂ ನಡೆಯುತ್ತದೆ, ಕೊಟ್ಟ ದಿನದಿಂದ ಒಂದು ವರ್ಷ. ತೋಟದವರದು ಪಿಎಫ್ ಇರುತ್ತದೆ. ಅವರನ್ನು ನವೆಂಬರ್ ಅಂತ ಓಡಿಸಬೇಡಿ, ಕೊಯ್ಲು ಮುಗಿದ ಮೇಲೆ ಮಾಡಿಸಿ.

ಎರಡು ಆ್ಯಪ್ ಬೇಕು. ಒಂದು ಜೀವನ್ ಪ್ರಮಾಣ್, ಇನ್ನೊಂದು ಆಧಾರ್ ಫೇಸ್ ಆರ್‌ಡಿ. ಎರಡನೆಯದು ಹಾಕಿಕೊಂಡರೂ ಫೋನಿನಲ್ಲಿ ಅದರ ಚಿತ್ರ ಕಾಣಿಸುವುದಿಲ್ಲ, ಹಿಂದೆಯೇ ಕೆಲಸ ಮಾಡುತ್ತದೆ. ನಮ್ಮ ಮಾವ ಅದು ಬಂದಿಲ್ಲ ಅಂದುಕೊಂಡು ಎಂಟು ಸಲ ಹಾಕಿದರು. ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಬೇಕು, ಕಣ್ಣು ಮಿಟುಕಿಸಬೇಕು.

ತೋಟದ ಮನೆ | ಬೆಳಿಗ್ಗೆ 7:22

ಇದು ಗೊತ್ತಿರಲಿಲ್ಲ. ಥ್ಯಾಂಕ್ಸ್ ಜಂಕ್ಷನ್ ಅಣ್ಣ. ನಿಮ್ಮ ಚಾಳಿ ಮುಂದುವರಿಯಲಿ.

ಬಿಳಿ ಪಾರಿವಾಳ | ಬೆಳಿಗ್ಗೆ 8:02

ಮೊಬೈಲ್ ಕ್ಲಾಸಿನಲ್ಲಿ ಮೊದಲು ಕಲಿಸಬೇಕಾದ್ದು ಫೋನ್ ಕಟ್ ಮಾಡುವುದನ್ನು. ನಮ್ಮ ಬೀದಿಯ ನಿವೃತ್ತರೊಬ್ಬರಿಗೆ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡವನು ವಿಡಿಯೊ ಕಾಲ್ ಮಾಡಿ, ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ರೂಮಿನಿಂದ ಹೊರಗೆ ಬರಬೇಡಿ ಅಂದಿದ್ದಾನೆ. ಪಾಪ, ಅವರು ಇಡೀ ದಿನ ಬಾಗಿಲು ಹಾಕಿಕೊಂಡು ಕೂತಿದ್ದರು. ಹೆಂಡತಿ ಊಟಕ್ಕೆ ಕರೆದರೆ "ಅರೆಸ್ಟ್ ಆಗಿದ್ದೇನೆ" ಅಂದರಂತೆ. ದುಡ್ಡು ಹೋಗುವ ಮೊದಲು ಮಗಳು ಬಂದಳು, ಉಳಿದರು. ಹಾಗೊಂದು ಅರೆಸ್ಟ್ ಕಾನೂನಿನಲ್ಲೇ ಇಲ್ಲ. ದುಡ್ಡು ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ಇದನ್ನು ಗೋಡೆ ಮೇಲೆ ಬರೆಸಿ ಮೇಡಂ.

ಹೂಮಳೆ | ಬೆಳಿಗ್ಗೆ 8:15

ಎರಡನೇ ವಾರವೇ ಮಾಡಿದ್ದೇವೆ. 1930 ಅನ್ನು ಎಲ್ಲರ ಫೋನಿನಲ್ಲೂ "ಕಳ್ಳ" ಅಂತ ಸೇವ್ ಮಾಡಿಸಿದೆ. ಆಮೇಲೆ ಒಬ್ಬರು, "ಕಳ್ಳ ಫೋನ್ ಮಾಡಿದರೆ ಎತ್ತಬೇಕಾ ಬೇಡವಾ?" ಅಂತ ಕೇಳಿದರು. ಈಗ "ಕಳ್ಳ ಬಂದರೆ" ಅಂತ ಬದಲಾಯಿಸಿದ್ದೇವೆ.

ಹಾಸನದ ಆಲೂಗಡ್ಡೆ | ಬೆಳಿಗ್ಗೆ 9:30

ನಮ್ಮ ಹಾಸನದಲ್ಲಾದರೆ ಮಹಾರಾಜ ಪಾರ್ಕಿನಲ್ಲಿ ಮರದ ಕೆಳಗೆ ಕೂರಿಸಿ ಕ್ಲಾಸು ಮಾಡಬಹುದಿತ್ತು. ನಿಮ್ಮಲ್ಲಿ ಮಳೆ ನಿಂತರೆ ತಾನೇ.

ರತ್ನಗಿರಿ ಬೋರೆ | ಬೆಳಿಗ್ಗೆ 9:33

ನಮ್ಮಲ್ಲೂ ಪಾರ್ಕ್ ಇದೆ, ನನ್ನ ಹೆಸರು ನೋಡಿ. ಹಾಸನಾಂಬೆ ಬಾಗಿಲು ತೆಗೆದಾಗ ನಿಮ್ಮೂರಿನಲ್ಲಿ ರಸ್ತೆಯಲ್ಲೇ ಕಾಲಿಡಲು ಜಾಗ ಇರುವುದಿಲ್ಲ, ಕ್ಲಾಸಿಗೆ ಎಲ್ಲಿಂದ ಬರಬೇಕು.

ಹಾಸನದ ಆಲೂಗಡ್ಡೆ | ಬೆಳಿಗ್ಗೆ 9:35

ವರ್ಷಕ್ಕೊಮ್ಮೆ ಅದು. ನಿಮ್ಮಲ್ಲಿ ವಾರವಾರ ಪ್ರವಾಸಿಗರ ಕಾರು. ಕೈಮರ ಚೆಕ್‌ಪೋಸ್ಟಿನಲ್ಲೇ ಕ್ಲಾಸು ಶುರುಮಾಡಿ, ಎಲ್ಲರೂ ಗಂಟೆಗಟ್ಟಲೆ ಸುಮ್ನೆ ನಿಂತಿರುತ್ತಾರೆ.

ಅರಿವಿನ ದೀಪ | ಬೆಳಿಗ್ಗೆ 10:10

ಗಲಾಟೆ ಸಾಕು, ಕೆಲಸದ ಮಾತು ಹೇಳುತ್ತೇನೆ. ನಾನು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಮೇಲ್ವಿಚಾರಕಿ. 2019ರಲ್ಲಿ ನಮ್ಮನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್‌ಗೆ ಕೊಟ್ಟರು. ರಾಜ್ಯದಲ್ಲಿ ನಮ್ಮಂಥ ಲೈಬ್ರರಿ 5 ಸಾವಿರಕ್ಕೂ ಜಾಸ್ತಿ ಇವೆ. ಈಗ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಬಂದು ಮಕ್ಕಳಿಗೆಲ್ಲ ಸದಸ್ಯತ್ವ ಉಚಿತ ಆಯಿತು. ಕೊರೊನಾ ಟೈಮು, ಶಾಲೆ ಮುಚ್ಚಿತ್ತು. ಮಕ್ಕಳು ಪುಸ್ತಕಕ್ಕೆ ಮುಗಿಬಿದ್ದರು. ಗಟ್ಟಿ ಓದು, ಬೇಸಿಗೆ ಶಿಬಿರ, ಚೆಸ್, ಕೇರಂ, ಎಲ್ಲವೂ ನಡೆಯುತ್ತದೆ. ನಡೆಸುವುದು ನಾನೊಬ್ಬಳೇ, ಕಸ ಗುಡಿಸುವುದೂ ನಾನೇ.

ಜಗಳ ನಮ್ಮಲ್ಲೂ ಆಯಿತು. ಪೇಪರ್ ಓದಲು ಬರುವ ಹಿರಿಯರು ಮಕ್ಕಳನ್ನು ಗದರಿಸುವರು. ನಿಮ್ಮಲ್ಲಿ ಉಲ್ಟಾ, ಅಷ್ಟೇ. ನಾನು ಮಾಡಿದ್ದು: ಒಂದು ವಾರ ಗೋಡೆಗೆ ಹಾಳೆ ಅಂಟಿಸಿ, ಯಾವ ಗಂಟೆಗೆ ಎಷ್ಟು ಜನ ಕೂತಿದ್ದಾರೆ ಅಂತ ಗೀಟು ಎಳೆದೆ. ಮಧ್ಯಾಹ್ನ ಊಟದ ಹೊತ್ತಿಗೆ ಖಾಲಿ ಖಾಲಿ. ಮಕ್ಕಳ ಕಾರ್ಯಕ್ರಮವನ್ನು ಆ ಹೊತ್ತಿಗೆ ಹಾಕಿದೆ. ಎರಡು ವಾರ ಮುಂಚೆ ಬೋರ್ಡಿನಲ್ಲಿ ಬರೆದೆ. ಜನಕ್ಕೆ ಶಬ್ದಕ್ಕಿಂತ, ಮುಂಚೆ ಹೇಳದೇ ಶಬ್ದ ಮಾಡಿದ್ದಕ್ಕೆ ಸಿಟ್ಟು ಬರುತ್ತದೆ.

ಇನ್ನೊಂದು, ಬಾಯಿ ಮಾತಿನ ಅನುಮತಿಯಲ್ಲಿ ನಡೆಸಬೇಡಿ. ಒಂದು ಅರ್ಜಿ ಬರೆದು ಕೊಡಿ, ದಿನ, ಸಮಯ, ಎಷ್ಟು ಜನ, ಉಚಿತ ಅಂತ. ಬಂದವರ ಹೆಸರು ಒಂದು ನೋಟ್‌ಬುಕ್ಕಿನಲ್ಲಿ ಇರಲಿ. ನಾಳೆ ಯಾರಾದರೂ ಮೇಲಿಂದ ಕೇಳಿದರೆ ಲೈಬ್ರರಿಯನ್ ಕೈಯಲ್ಲಿ ಕಾಗದ ಇರಬೇಕು. ಇಲ್ಲದಿದ್ದರೆ ಪೆಟ್ಟು ಬೀಳುವುದು ಅವರಿಗೆ.

ಹೂಮಳೆ | ಬೆಳಿಗ್ಗೆ 10:24

ಅರ್ಜಿ ಕೊಟ್ಟಿಲ್ಲ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಎಲ್ಲರ ಹತ್ತಿರ ಅರ್ಜಿ ಬರೆಸಿದವಳು ನಾನೇ ಇದನ್ನು ಮರೆತೆ. ಸೋಮವಾರ ಕೊಡುತ್ತೇನೆ.

ಪಿಡಿಒ ಆಗೇ ಆಗ್ತೀನಿ | ಬೆಳಿಗ್ಗೆ 10:26

ಸೋಮವಾರ ಲೈಬ್ರರಿ ರಜೆ ಮೇಡಂ.

ಮಲ್ಲಂದೂರು ರಸ್ತೆ | ಬೆಳಿಗ್ಗೆ 10:30

ಹಾಗಿದ್ದರೆ ಕ್ಲಾಸನ್ನೇ ಸೋಮವಾರಕ್ಕೆ ಹಾಕಿ! ಓದುವವರು ಇರುವುದಿಲ್ಲ, ತಲೆನೋವೇ ಇಲ್ಲ.

ಅರಿವಿನ ದೀಪ | ಬೆಳಿಗ್ಗೆ 10:34

ಬಾಗಿಲು ತೆಗೆಯುವವರು ಯಾರು, ನೀವಾ? ಅವರಿಗೂ ಮನೆ ಮಠ ಇದೆ.

ಆ್ಯಪಲ್ ಅಲ್ಲ ಸೇಬು | ಬೆಳಿಗ್ಗೆ 11:05

ಮೊಬೈಲ್ ಎಲ್ಲ ಮನೆಯಲ್ಲಿ ಮಕ್ಕಳೇ ಕಲಿಸಬಹುದು. ಲೈಬ್ರರಿಯಲ್ಲಿ ಮಾಡುವುದಾದರೆ ಸ್ಪೋಕನ್ ಇಂಗ್ಲಿಷ್ ಮಾಡಿ. ಪ್ರವಾಸಿಗರು ಬರುವ ಊರು. ಹೋಂಸ್ಟೇ, ಹೋಟೆಲ್ ಎಲ್ಲ ಕಡೆ ಕೆಲಸ ಇದೆ. ನಮ್ಮ ಹುಡುಗರಿಗೆ ಮಾತು ಬರುವುದಿಲ್ಲ ಅಂತ ಹೊರಗಿನವರನ್ನು ತಗೊಳ್ಳುತ್ತಾರೆ.

ಹಳೇ ಮೇಷ್ಟ್ರು | ಬೆಳಿಗ್ಗೆ 11:20

ಕನ್ನಡವೇ ಸರಿಯಾಗಿ ಓದಲು ಬಾರದ ಮಕ್ಕಳಿಗೆ ಇಂಗ್ಲಿಷ್ ಎಲ್ಲಿಂದ ಬರುತ್ತದೆ? ಗಮಕ ತರಗತಿ ಮಾಡಿ. ನಮ್ಮ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರು. ಅವನ ಷಟ್ಪದಿಯನ್ನು ರಾಗವಾಗಿ ಓದುವವರು ಈಗ ಎಷ್ಟು ಜನ ಇದ್ದಾರೆ?

ರತ್ನಗಿರಿ ಬೋರೆ | ಬೆಳಿಗ್ಗೆ 11:22

ಮೇಷ್ಟ್ರೇ, ರಿಂಗ್‌ಟೋನಿಗೇ ಗಲಾಟೆ ಆಗಿದೆ. ಗಮಕ ಶುರುಮಾಡಿದರೆ ಕೆಂಪು ಪೆನ್ನು ಖಾಲಿಯಾಗುತ್ತದೆ.

ತೋಟದ ಮನೆ | ಬೆಳಿಗ್ಗೆ 11:45

ಇಂಗ್ಲಿಷ್ ಕನ್ನಡ ಜಗಳ ಆಮೇಲೆ ಆಡಿ. ಕೊಯ್ಲಿಗೆ ಅಸ್ಸಾಮಿನಿಂದ ಬಂದವರು ಪ್ರತಿ ತೋಟದಲ್ಲೂ ಇದ್ದಾರೆ. ಆಸ್ಪತ್ರೆಗೆ ಹೋದರೆ ಹೊಟ್ಟೆ ನೋವು ಅಂತ ಹೇಳಲು ಬರುವುದಿಲ್ಲ. ಅವರಿಗೆ ಭಾನುವಾರ ಸಂತೆಗೆ ಬಂದಾಗ ಒಂದು ಗಂಟೆ ಮಾತಾಡುವ ಕನ್ನಡ ಕಲಿಸುವವರಿದ್ದರೆ, ಜೀಪಿನಲ್ಲಿ ಕರೆತಂದು ಬಿಡುವುದು ನನ್ನ ಜವಾಬ್ದಾರಿ. ಮೇಷ್ಟ್ರೇ, ನೀವು ಬರುತ್ತೀರಾ?

ಹಳೇ ಮೇಷ್ಟ್ರು | ಮಧ್ಯಾಹ್ನ 12:10

ಬರುತ್ತೇನೆ. ಮಂಡಿ ನೋವಿದೆ, ಮೆಟ್ಟಿಲಿಲ್ಲದ ಜಾಗ ಆದರೆ ಬರುತ್ತೇನೆ.

ಸಖರಾಯಪಟ್ಟಣದ ಸೊಸೆ | ಮಧ್ಯಾಹ್ನ 12:40

ಹಳ್ಳಿಯಿಂದ ಬರುವ ಹೆಂಗಸರದೂ ಸ್ವಲ್ಪ ಯೋಚಿಸಿ ಅಕ್ಕ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮತ್ತೆ ಒಬ್ಬರೇ ಬಸ್ ಹತ್ತಿ ಪೇಟೆಗೆ ಬರುತ್ತಾರೆ. ಸಂಜೆ 5:30ಕ್ಕೆ ಮುಗಿದರೆ ಮನೆ ಸೇರುವಾಗ ಕತ್ತಲೆ. ಮಧ್ಯಾಹ್ನ ಆದರೆ ನಾನೂ ಕಳಿಸುತ್ತೇನೆ.

ತೋಟದ ಮನೆ | ಮಧ್ಯಾಹ್ನ 12:46

ನಿಮಗೆ ಸರ್ಕಾರಿ ಬಸ್ ಇದೆ ತಾಯಿ. ನಮ್ಮ ಮೇಲಿನ ಕಡೆ ಖಾಸಗಿ ಬಸ್ಸೇ ಜಾಸ್ತಿ. ಅಲ್ಲಿ ಶಕ್ತಿ ನಡೆಯುವುದಿಲ್ಲ, ಟಿಕೆಟ್ ತಗೊಳ್ಳಲೇಬೇಕು.

ಕಥೆ ಹೇಳುವ ಗೆಳತಿ | ಮಧ್ಯಾಹ್ನ 1:30

ಹೂಮಳೆ ಹೇಳಿದ ಆ ಗೆಳತಿ ನಾನೇ. ಇವತ್ತು ಈಗಷ್ಟೇ ಮುಗಿಸಿ ಬಂದೆ. ಎಲ್ಲರೂ ಮೊಬೈಲ್ ಕ್ಲಾಸಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಮಕ್ಕಳು ಅದಕ್ಕಿಂತ ಜೋರು. ಹುಲಿ ಬಂತು ಅಂದರೆ ಹದಿನಾರು ಜನವೂ ಗರ್ಜಿಸುತ್ತಾರೆ. ಆದರೆ ಅವರ ಬಗ್ಗೆ ಯಾರೂ ಬೋರ್ಡಿನ ಕೆಳಗೆ ಬರೆದಿಲ್ಲ. ಯಾಕೆ ಅಂತ ಯೋಚಿಸಿದೆ. ಭಾನುವಾರ ನಾವು ಹೊರಗಿನ ವರಾಂಡದಲ್ಲಿ ಚಾಪೆ ಹಾಕಿಕೊಂಡು ಕೂರುತ್ತೇವೆ. ಅಷ್ಟೇ ವ್ಯತ್ಯಾಸ. ನಿನ್ನ ಹನ್ನೊಂದು ಜನಕ್ಕೆ ಚಾಪೆ ಆಗುವುದಿಲ್ಲ, ಕುರ್ಚಿ ಬೇಕು. ಕುರ್ಚಿ ಎತ್ತಿ ಹೊರಗಿಡಲು ಯಾರಾದರೂ ಬೇಕು.

ಬೇರೆ ಊರಿನಲ್ಲಿ ಕಥೆ ಓದುವವರಿಗೆ ಒಂದು ಸುಳಿವು: ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಇಳಿಸಿಕೊಂಡು ಪ್ರಿಂಟ್ ಹಾಕಿಸಬಹುದು. ಕಪಾಟಿನ ಮಕ್ಕಳ ಪುಸ್ತಕ ಮಳೆಗಾಲದಲ್ಲಿ ಬೂಷ್ಟು ಹಿಡಿದು, ಹಾಳೆ ಬಿಡಿಸಿದರೆ ಹಪ್ಪಳ ಮುರಿದ ಹಾಗೆ ಸದ್ದು ಬರುತ್ತದೆ. ಒಂದು ಮಗುವಿಗೆ ಸೀನು ಹತ್ತಿ ನಿಲ್ಲಲೇ ಇಲ್ಲ.

ಬಿಳಿ ಪಾರಿವಾಳ | ಮಧ್ಯಾಹ್ನ 1:48

ಬೂಷ್ಟಿಗೆ: ಬಿಸಿಲು ಬಿದ್ದ ದಿನ ಪುಸ್ತಕವನ್ನು ನೆರಳಿನಲ್ಲಿ ಬಿಡಿಸಿ ನಿಲ್ಲಿಸಿ, ಒಣಬಟ್ಟೆಯಲ್ಲಿ ಒರೆಸಿ. ನೇರ ಬಿಸಿಲಿಗೆ ಇಡಬೇಡಿ, ಹಾಳೆ ಹಳದಿ ತಿರುಗುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ. ನಮ್ಮ ಮನೆಯಲ್ಲಿ ಹೀಗೇ ಉಳಿಸಿಕೊಂಡಿರುವುದು.

ಮಲ್ಲಂದೂರು ರಸ್ತೆ | ಮಧ್ಯಾಹ್ನ 1:55

ವಿಷಯ ಎಲ್ಲಿಂದ ಎಲ್ಲಿಗೆ ಹೋಯಿತು. ಯಾರಾದರೂ ಲೈಬ್ರರಿಯ ಟಾಯ್ಲೆಟ್ ಬಗ್ಗೆಯೂ ಮಾತಾಡಿ.

ಸಖರಾಯಪಟ್ಟಣದ ಸೊಸೆ | ಮಧ್ಯಾಹ್ನ 2:01

ನಗಬೇಡಿ, ಅದೇ ದೊಡ್ಡ ವಿಷಯ. ವಯಸ್ಸಾದವರನ್ನು ಒಂದೂವರೆ ಗಂಟೆ ಕೂರಿಸುತ್ತೀರಿ. ಬೀಗ ಹಾಕಿದ ಟಾಯ್ಲೆಟ್ ಇದ್ದರೆ ನಮ್ಮತ್ತೆ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ.

ಹೂಮಳೆ | ಮಧ್ಯಾಹ್ನ 2:10

ಅಯ್ಯೋ. ಇಬ್ಬರು ಪ್ರತಿ ವಾರ ಅರ್ಧಕ್ಕೇ ಎದ್ದು ಹೋಗುತ್ತಾರೆ. ಪಾಠ ಬೇಜಾರಾಗಿರಬೇಕು ಅಂದುಕೊಂಡಿದ್ದೆ. ಈಗ ಗೊತ್ತಾಯಿತು. ಬೀಗದ ಕೈ ಎಲ್ಲಿದೆ ಅಂತ ಕೇಳುತ್ತೇನೆ.

ಪಿಡಿಒ ಆಗೇ ಆಗ್ತೀನಿ | ಮಧ್ಯಾಹ್ನ 2:35

ಬೀಗದ ಕೈ ಕ್ಯಾಲೆಂಡರ್ ಹಿಂದೆ, ಮೊಳೆಗೆ ನೇತು ಹಾಕಿರುತ್ತದೆ. ಹೌದು ಮೇಡಂ, ನಿಮ್ಮ ಲೈಬ್ರರಿನೇ ನನ್ನದು. ಬೋರ್ಡಿನ ಕೆಳಗೆ ಬರೆದವನು ನನ್ನ ಸ್ನೇಹಿತ. ಅವನಿಗೆ ಈ ಸಲ ಎರಡು ಮಾರ್ಕಿನಲ್ಲಿ ಕೆಲಸ ತಪ್ಪಿತು, ಅದಕ್ಕೇ ಸ್ವಲ್ಪ ಹಾಗೆ ಆಡುತ್ತಿದ್ದಾನೆ.

ಅವನ ಜೊತೆ ಮಾತಾಡಿದೆ. ನಾವು ಹೇಳುವುದು ಇಷ್ಟು. ಶನಿವಾರ ಮಧ್ಯಾಹ್ನ 2ರಿಂದ 3:30. ನಮ್ಮಲ್ಲಿ ಅರ್ಧ ಜನ ಆಗ ಊಟಕ್ಕೆ ಹೋಗಿರುತ್ತೇವೆ. ವರಾಂಡದಲ್ಲಿ ಮಾಡಿ. ಕುರ್ಚಿ ನಾವು ನಾಲ್ಕು ಜನ ಸೇರಿ ಹೊರಗಿಟ್ಟು ಕೊಡುತ್ತೇವೆ. ರಿಂಗ್‌ಟೋನ್ ಪಾಠ ಮತ್ತೆ ಬೇಡ. ಮಳೆ ಬಂದರೆ ಒಳಗೆ ಬರಬಹುದು, ಆದರೆ ಎಲ್ಲರ ಫೋನೂ ಸೈಲೆಂಟ್.

ಮಾರ್ಚ್‌ವರೆಗೆ ನೋಡೋಣ. ಪರೀಕ್ಷೆ ದಿನಾಂಕ ಬಂದರೆ ಹಿಂದಿನ ಎರಡು ವಾರ ಕ್ಲಾಸು ಬೇಡ. ಇದಕ್ಕೆ ಮಾತ್ರ ಒಪ್ಪಬೇಕು.

ಹಳೇ ಮೇಷ್ಟ್ರು | ಮಧ್ಯಾಹ್ನ 2:41

ಎರಡು ಗಂಟೆಗೆ ಹಿರಿಯರು ಮಲಗುತ್ತಾರೆ. ನನ್ನನ್ನೇ ತಗೊಳ್ಳಿ.

ಅಜ್ಜಿಯ ಮೊಮ್ಮಗ | ಮಧ್ಯಾಹ್ನ 2:44

ನಮ್ಮಜ್ಜಿ ಮಲಗುವುದಿಲ್ಲ. ಆ ಹೊತ್ತಿಗೆ ಧಾರಾವಾಹಿ ಮರುಪ್ರಸಾರ. ಆದರೂ ಬರುತ್ತಾರಂತೆ, ಕೇಳಿದೆ.

ಹೂಮಳೆ | ಮಧ್ಯಾಹ್ನ 3:05

ಒಪ್ಪಿದೆ ತಮ್ಮ. ಎರಡು ವಾರ ನಿಲ್ಲಿಸುವುದಕ್ಕೂ ಒಪ್ಪಿದೆ. ಮಂಗಳವಾರ ಅರ್ಜಿ ಕೊಡುತ್ತೇನೆ, ನಿಮ್ಮ ಕಡೆಯಿಂದ ಒಬ್ಬರು ಸಹಿ ಹಾಕಿ. ನಿನ್ನ ಸ್ನೇಹಿತನಿಗೆ ನನ್ನ ಮೇಲೆ ಸಿಟ್ಟಿದ್ದರೆ ಇರಲಿ, ಆದರೆ ಒಂದು ಸಹಾಯ ಬೇಕು. ಮುಖ ತೋರಿಸುವ ಆ ಆ್ಯಪ್ ನನ್ನ ಫೋನಿನಲ್ಲೇ ಸರಿಯಾಗಿ ನಡೆಯುತ್ತಿಲ್ಲ. ಒಂದು ಶನಿವಾರ ಯಾರಾದರೂ ಹತ್ತು ನಿಮಿಷ ಬಂದು ತೋರಿಸಿದರೆ ಸಾಕು.

ಒಂದೇ ಸಮಸ್ಯೆ. ಆ ವರಾಂಡ ಪಶ್ಚಿಮಕ್ಕೆ ಮುಖ. ಎರಡರ ನಂತರ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಫೋನಿನ ಪರದೆ ಕಾಣುವುದಿಲ್ಲ.

ತೋಟದ ಮನೆ | ಮಧ್ಯಾಹ್ನ 3:20

ಟಾರ್ಪಾಲು ನಾನು ಕೊಡುತ್ತೇನೆ ಮೇಡಂ. ಹದಿನೆಂಟು ಅಡಿಯದು ಎರಡಿವೆ.

ಹೂಮಳೆ | ಮಧ್ಯಾಹ್ನ 3:22

ದೇವರು ಒಳ್ಳೆಯದು ಮಾಡಲಿ. ಈ ಶನಿವಾರಕ್ಕೇ ಸಿಗುತ್ತದಾ?

ತೋಟದ ಮನೆ | ಮಧ್ಯಾಹ್ನ 3:31

ಈ ಶನಿವಾರ ಹೇಗಾಗುತ್ತದೆ, ಕಾಫಿ ಒಣಗಿಸಲು ಕಣಕ್ಕೆ ಬೇಕಲ್ಲ. ಕೊಯ್ಲು ಮುಗಿಯಲಿ, ಫೆಬ್ರವರಿಯಲ್ಲಿ ತಂದುಕೊಡುತ್ತೇನೆ.

ರತ್ನಗಿರಿ ಬೋರೆ | ಮಧ್ಯಾಹ್ನ 3:33

ಅಲ್ಲಿಯವರೆಗೆ ಎಲ್ಲರೂ ಕೊಡೆ ತನ್ನಿ. ನಮ್ಮೂರಿನವರ ಕೈಯಲ್ಲಿ ಹೇಗೂ ಇದ್ದೇ ಇರುತ್ತದೆ.